ಚೀಟಿಯೋ, ಸ್ಕ್ರೀನೋ? ವಾರ್ಡಿನಲ್ಲಿ ಎರಡನ್ನೂ ಬಳಸಿದವಳ ಲೆಕ್ಕ

ದಾವಣಗೆರೆಯ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. ಒಂಬತ್ತು ವರ್ಷ ಕೈಬರಹದ ಕೇಸ್ ಶೀಟ್ ನೋಡಿಯೇ ಔಷಧಿ ಕೊಟ್ಟೆ. ಆಮೇಲೆ ಎಂಟು ತಿಂಗಳು ಕಾಗದವೂ ಇತ್ತು, ಡಾಕ್ಟರು ಔಷಧಿ ಬರೆಯುವ ಕಂಪ್ಯೂಟರೂ ಇತ್ತು. ಈಗ ಎರಡು ವರ್ಷದಿಂದ ಬರೀ ಕಂಪ್ಯೂಟರ್. ಹರಿಹರದಲ್ಲಿ ಕೆಲಸ ಮಾಡುವ ಗೆಳತಿಯ ಆಸ್ಪತ್ರೆಗೂ ಮುಂದಿನ ತಿಂಗಳು ಇದು ಬರುತ್ತದಂತೆ. "ನಮಗೆ ಕೆಲಸ ಕಮ್ಮಿ ಆಗುತ್ತೇನೇ?" ಅಂತ ಫೋನ್ ಮಾಡಿದ್ದಳು. ಹೌದು ಅನ್ನೋಕೂ ಆಗಲಿಲ್ಲ, ಇಲ್ಲ ಅನ್ನೋಕೂ ಆಗಲಿಲ್ಲ.

ಓದುವ ವಿಷಯದಲ್ಲಿ ಕಾಗದ ಸೋತಿದೆ, ಅದರಲ್ಲಿ ಎರಡು ಮಾತಿಲ್ಲ. ಔಷಧಿಯ ಜನರಿಕ್ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕು ಅಂತ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ಹೇಳಿತ್ತು. ನಮ್ಮ ಕೇಸ್ ಶೀಟುಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಒಂದು ಸಂಜೆ ಸಕ್ಕರೆ ಕಾಯಿಲೆಯ ಅಜ್ಜಿಗೆ 4 ಯೂನಿಟ್ ಇನ್ಸುಲಿನ್ ಬರೆದಿದ್ದರು. ನಾಲ್ಕರ ಪಕ್ಕದಲ್ಲಿ ಯೂನಿಟ್ ಅಂತ ಹಾಕಿದ್ದ ಇಂಗ್ಲಿಷ್ 'ಯು' ಅಕ್ಷರದ ಬಾಯಿ ಮುಚ್ಚಿಹೋಗಿ ಸೊನ್ನೆಯಾಗಿತ್ತು, 4 ಹೋಗಿ 40 ಆಗಿತ್ತು. ಟ್ರೇನಿಂಗಿಗೆ ಬಂದಿದ್ದ ಹುಡುಗಿ ಕೆಂಪು ಮುಚ್ಚಳದ ಸಿರಿಂಜನ್ನು ಕೊನೇ ಗೆರೆವರೆಗೂ, ಅಂದರೆ 40 ಯೂನಿಟ್, ತುಂಬಿಸಿಕೊಂಡು ಹೊರಟಿದ್ದಳು. ಊಟಕ್ಕೆ ಮುಂಚಿನ ಡೋಸಿಗೆ ಸಾಮಾನ್ಯವಾಗಿ ಯಾರೂ ಅಷ್ಟು ಎಳೆಯೋದಿಲ್ಲ ಅಂತ ಕಣ್ಣಿಗೆ ಬಿದ್ದದ್ದರಿಂದ ಕೈ ಹಿಡಿದೆ. ಕಂಪ್ಯೂಟರಿನಲ್ಲಿ ಈ ತಪ್ಪು ಹುಟ್ಟುವುದೇ ಇಲ್ಲ; ಅಂಕಿ ಬೇರೆ ಚೌಕದಲ್ಲಿ, ಯೂನಿಟ್ ಬೇರೆ ಚೌಕದಲ್ಲಿ ಬರುತ್ತದೆ.

ಆದರೆ ಅಲ್ಲಿ ಬೇರೆ ಥರದ ತಪ್ಪು ಹುಟ್ಟುತ್ತದೆ. ಅಪೆಂಡಿಕ್ಸ್ ಆಪರೇಷನ್ ಆಗಿದ್ದ ಜಗಳೂರು ಕಡೆಯ ಹುಡುಗನೊಬ್ಬನ ಹೆಸರಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಕಾಣಿಸಿತು. ಇಪ್ಪತ್ತರ ಹುಡುಗ, ಸಕ್ಕರೆ ಇಲ್ಲ ಏನಿಲ್ಲ. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. "ಅಯ್ಯೋ, ಮೆಟ್ರೋನಿಡಜೋಲ್ ರೀ ಸಿಸ್ಟರ್, ಮೊದಲ ಮೂರು ಅಕ್ಷರ ಹೊಡೆದು ಪಟ್ಟೀಲಿ ಮೇಲಿಂದನ್ನೇ ಒತ್ತಿಬಿಟ್ಟೆ" ಅಂದರು. ಅದು ಸೋಂಕಿಗೆ ಕೊಡುವ ಔಷಧಿ. ಕೆಟ್ಟ ಕೈಬರಹ ಕಂಡರೆ ಅನುಮಾನವಾದರೂ ಬರುತ್ತಿತ್ತು. ಅಚ್ಚಾದ ಅಕ್ಷರ ನೋಡಿದರೆ ಅದೇ ಸರಿ ಅನ್ನಿಸಿಬಿಡುತ್ತದೆ, ಅದೇ ನನಗೆ ಭಯ. ತರಬೇತಿ ದಿನ ತೋರಿಸಿದ್ದು 1998ರ ಬಾಸ್ಟನ್ ಅಧ್ಯಯನ ಒಂದೇ: ಕಂಪ್ಯೂಟರ್ ಬಂದ ಮೇಲೆ ಔಷಧಿಯ ಗಂಭೀರ ತಪ್ಪುಗಳು ಅರ್ಧಕ್ಕಿಂತ ಹೆಚ್ಚು ಇಳಿದವು ಅಂತ. ಪೆನ್ಸಿಲ್ವೇನಿಯಾದ ಒಂದು ಬೋಧನಾ ಆಸ್ಪತ್ರೆಯಲ್ಲಿ ಇಂಥದೇ ವ್ಯವಸ್ಥೆ ದಾರಿ ಮಾಡಿಕೊಡುವ 22 ಬಗೆಯ ತಪ್ಪುಗಳನ್ನು 2005ರಲ್ಲಿ ಪಟ್ಟಿ ಮಾಡಿದ್ದನ್ನು ಯಾರೂ ತೋರಿಸಲಿಲ್ಲ.

ಇನ್ನು ಟೈಮಿನ ಕಥೆ. ದಿನಕ್ಕೆರಡು ಸಲ ಅಂತ ಒತ್ತಿದರೆ ನಮ್ಮ ಸಾಫ್ಟ್‌ವೇರ್ ತಾನೇ ಬೆಳಿಗ್ಗೆ 8, ರಾತ್ರಿ 8 ಅಂತ ಹಾಕಿಕೊಳ್ಳುತ್ತದೆ. ಡಾಕ್ಟರು ರೌಂಡ್ಸಿಗೆ ಬಂದು ಆ್ಯಂಟಿಬಯೋಟಿಕ್ ಬರೆಯುವುದೇ 10 ಗಂಟೆಗೆ. ಆಗ ಮೊದಲ ಇಂಜೆಕ್ಷನ್ ರಾತ್ರಿ 8ಕ್ಕೆ ತೋರಿಸುತ್ತದೆ! ಕಾಗದದ ಕಾಲದಲ್ಲಿ ಡಾಕ್ಟರು ಮಂಚದ ಪಕ್ಕವೇ ನಿಂತು ಬರೆದು, "ಸಿಸ್ಟರ್, ಒಂದು ಈಗಲೇ ಹಾಕ್ರಿ" ಅಂತ ಬಾಯಲ್ಲಿ ಹೇಳಿ ಹೋಗುತ್ತಿದ್ದರು. ಈಗ ಅವರು ಡ್ಯೂಟಿ ರೂಮಿನಲ್ಲಿ ಕೂತು ಒತ್ತುತ್ತಾರೆ. ಆರ್ಡರ್ ಬಂದಿದೆ ಅಂತ ನಮಗೆ ಗೊತ್ತಾಗೋದು ನಾವಾಗಿ ಸ್ಕ್ರೀನ್ ನೋಡಿದಾಗ. ಮೂವತ್ತು ಮಂಚಕ್ಕೆ ಇರೋದು ಒಂದೇ ಕಂಪ್ಯೂಟರ್, ಅದರ ಮುಂದೆ ಬಿಲ್ಲಿಂಗಿನವರೂ ಕೂರುತ್ತಾರೆ. ರಾತ್ರಿ 10ಕ್ಕೆ ಕೊಟ್ಟ ಔಷಧಿಯನ್ನು ಹನ್ನೊಂದೂಕಾಲಕ್ಕೆ ಎಂಟ್ರಿ ಮಾಡಿದರೆ ತಡವಾಯಿತು ಅಂತ ನನ್ನ ಹೆಸರಿನ ಮುಂದೆ ಕೆಂಪು ಬಣ್ಣ.

ಮೆಡಿಕಲ್ ಶಾಪಿನ ವಿಷಯಕ್ಕೆ ಬಂದರೆ ಮಾತ್ರ ಕಂಪ್ಯೂಟರಿಗೆ ಕೈಮುಗಿಯಬೇಕು. ಮುಂಚೆ ರೋಗಿಯ ಕಡೆಯವರು ಚೀಟಿ ಹಿಡಿದು ಮೂರು ಮಹಡಿ ಇಳಿದು, ಸಾಲಿನಲ್ಲಿ ನಿಂತು, "ಇದು ಸ್ಟಾಕ್ ಇಲ್ವಂತೆ ಅಕ್ಕಾ" ಅಂತ ವಾಪಸ್ ಬರುತ್ತಿದ್ದರು. ಈಗ ಸ್ಟಾಕ್ ಇಲ್ಲದ್ದು ಬರೆಯುವಾಗಲೇ ಡಾಕ್ಟರಿಗೆ ಕಾಣುತ್ತದೆ. ಡಿಸ್ಚಾರ್ಜ್ ಚೀಟಿಯೂ ಅಷ್ಟೇ, ಅಚ್ಚುಕಟ್ಟು.

ಅಲರ್ಜಿ ಎಚ್ಚರಿಕೆ ಕಾಗದದಲ್ಲೇ ಚೆನ್ನಾಗಿತ್ತು ಅಂದರೆ ನಗುತ್ತಾರೆ. ಕೇಸ್ ಶೀಟಿನ ಮೇಲೆ ಕೆಂಪು ಪೆನ್ನಿನಲ್ಲಿ 'ಪೆನಿಸಿಲಿನ್ ಆಗಲ್ಲ' ಅಂತ ಒಂದೇ ಸಾಲು ಇರುತ್ತಿತ್ತು. ಸ್ಕ್ರೀನ್ ಬೇಕಾದ್ದಕ್ಕೂ ಬೇಡದ್ದಕ್ಕೂ ಎಚ್ಚರಿಕೆ ಕೊಡುತ್ತದೆ. ಹತ್ತನೆಯದಕ್ಕೆ ಎಲ್ಲರ ಬೆರಳೂ ಓದದೇ 'ಓಕೆ' ಒತ್ತುವುದನ್ನು ಕಲಿತಿರುತ್ತದೆ.

ಎರಡೂ ಇದ್ದ ಎಂಟು ತಿಂಗಳಂತೂ ಯಾರಿಗೂ ಬೇಡ. ಡಾಕ್ಟರು ಸ್ಕ್ರೀನಿನಲ್ಲಿ ನಿಲ್ಲಿಸಿದ ಔಷಧಿ ಕಾಗದದಲ್ಲಿ ಮುಂದುವರಿಯುತ್ತಿತ್ತು, ಕಾಗದದಲ್ಲಿ ಹೊಡೆದುಹಾಕಿದ್ದು ಸ್ಕ್ರೀನಿನಲ್ಲಿ ಬದುಕಿರುತ್ತಿತ್ತು. ನೈಟ್ ಡ್ಯೂಟಿ ಮುಗಿದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಲು ಮುಕ್ಕಾಲು ಗಂಟೆ. ಅಷ್ಟೊತ್ತಿಗೆ ಊರಿನ ಬಸ್ಸು ಹೋಗಿರುತ್ತಿತ್ತು.

ಆಯ್ಕೆ ನನ್ನ ಕೈಯಲ್ಲಿದ್ದರೆ ಕಂಪ್ಯೂಟರನ್ನೇ ಇಟ್ಟುಕೊಳ್ಳುತ್ತೇನೆ, ವಾರ್ಡಿಗೆ ಇನ್ನೆರಡು ಕೊಡಿ ಅಂತ ಜಗಳವಾಡಿ. ಗೆಳತಿಗೂ ಅದನ್ನೇ ಹೇಳಿದೆ. ಟ್ರೇನಿಂಗ್ ಕೊಡಲು ಬಂದವರನ್ನು ಮೊದಲು ಒಂದು ಪ್ರಶ್ನೆ ಕೇಳು ಅಂತಲೂ ಹೇಳಿದೆ: ಬೆಳಿಗ್ಗೆ 10ಕ್ಕೆ ಬರೆದ ಇಂಜೆಕ್ಷನ್ನಿನ ಮೊದಲ ಡೋಸ್ ನಿಮ್ಮದರಲ್ಲಿ ಎಷ್ಟು ಗಂಟೆಗೆ ತೋರಿಸುತ್ತದೆ?