ಉಸಿರು ಕಟ್ಟಿಸೋದಾ, ಬೆಲ್ಟ್ ಕಟ್ಟೋದಾ, ನ್ಯಾವಿಗೇಟರಾ? ಎಂಆರ್‌ಸಿಪಿಯಲ್ಲಿ ಮೂರನ್ನೂ ಮಾಡಿ ನೋಡಿದೆ

ಎಂಆರ್‌ಸಿಪಿ ಚೀಟಿ ಹಿಡಿದು ಯಾರಾದರೂ ಬಂದರೆ, ಎಂಆರ್‌ಐ ಮಷಿನ್ ನಡೆಸುವ ನಾನು ಮೊದಲು ನೋಡುವುದು ಅವರ ಹೊಟ್ಟೆಯನ್ನು. ಪೇಸ್‌ಮೇಕರ್ ಇದೆಯಾ, ಮೈಯಲ್ಲಿ ಎಲ್ಲಾದರೂ ರಾಡ್ ಹಾಕಿದ್ದಾರಾ ಅಂತ ಕೇಳಿ ಫಾರ್ಮ್ ತುಂಬುವಾಗಲೇ, ಉಸಿರಿಗೆ ಹೊಟ್ಟೆ ಏಳುತ್ತಿದೆಯಾ ಎದೆ ಏಳುತ್ತಿದೆಯಾ ಅಂತ ಒಂದು ನಿಮಿಷ ಗಮನಿಸುತ್ತೇನೆ. ಮೊದಲು ಈ ಅಭ್ಯಾಸ ಇರಲಿಲ್ಲ. ಮಷಿನ್‌ನಲ್ಲಿ ಯಾವ ಪ್ರೋಟೋಕಾಲ್ ಇದೆಯೋ ಅದನ್ನು ಒತ್ತಿ ಕೂರುತ್ತಿದ್ದೆ.

ಎಂಆರ್‌ಸಿಪಿ ಅಂದರೆ ಪಿತ್ತನಾಳ, ಮೇದೋಜೀರಕ ನಾಳಗಳನ್ನು ನೋಡುವ ಎಂಆರ್‌ಐ. ಇಂಜೆಕ್ಷನ್ ಬೇಕಿಲ್ಲ. ಸಿಗ್ನಲ್ ಹಿಡಿಯುವುದನ್ನು 700 ಮಿಲಿಸೆಕೆಂಡ್ ಆಸುಪಾಸಿನವರೆಗೆ ತಡಮಾಡುತ್ತೇವೆ. ಅಷ್ಟರಲ್ಲಿ ಲಿವರ್‌ನ ಸಿಗ್ನಲ್ ಸತ್ತಿರುತ್ತದೆ, ನೀರಿನಂಥದ್ದು ಮಾತ್ರ ಬೆಳ್ಳಗೆ ಉಳಿಯುತ್ತದೆ. ಮುಖ್ಯ ಪಿತ್ತನಾಳದ ಅಗಲ ಸಾಮಾನ್ಯವಾಗಿ 6 ಮಿಲಿಮೀಟರ್ ಒಳಗೆ. ಅದರೊಳಗೆ 3 ಮಿಲಿಮೀಟರ್ ಕಲ್ಲು ಇದ್ದರೆ ಬಿಳಿ ಗೆರೆಯಲ್ಲಿ ಒಂದು ಕಪ್ಪು ಚುಕ್ಕೆ, ಅಷ್ಟೇ. ಆದರೆ ಆರಾಮಾಗಿ ಉಸಿರಾಡಿದರೂ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆ, ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗೆ ಆಗುತ್ತದೆ. ಲಿವರ್ ಅದರ ಜೊತೆಗೇ ಹೋಗುತ್ತದೆ. ಚುಕ್ಕೆಗಿಂತ ಅಲ್ಲಾಟವೇ ಎಷ್ಟೋ ಪಟ್ಟು ದೊಡ್ಡದು.

ಈ ಅಲ್ಲಾಟವನ್ನು ಸಂಭಾಳಿಸಲು ನಮ್ಮಲ್ಲಿ ಮೂರು ದಾರಿ ಇವೆ. ಯಾವುದು ವಾಸಿ ಅಂತ ನೋಡಲು ಒಂದು ಭಾನುವಾರ, ಪೇಷಂಟ್ ಇಲ್ಲದ ಹೊತ್ತಲ್ಲಿ, ನಾನೇ ಖಾಲಿ ಹೊಟ್ಟೆಯಲ್ಲಿ ಮಲಗಿದೆ. ಕನ್ಸೋಲ್‌ನಲ್ಲಿ ನನ್ನ ಜೊತೆಗಾರ. ನಮ್ಮದು 1.5 ಟೆಸ್ಲಾ ಮಷಿನ್. ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ.

ಮೊದಲು ಉಸಿರು ಕಟ್ಟುವುದು. ಇದರಲ್ಲಿ ದಪ್ಪ ಸ್ಲ್ಯಾಬ್ ಚಿತ್ರ, ಅಂದರೆ ಹೊಟ್ಟೆಯ ಒಂದು ದಪ್ಪ ಭಾಗವನ್ನು ಒಂದೇ ಚಿತ್ರವಾಗಿ ತೆಗೆಯುವುದು, ಮೂರ್ನಾಲ್ಕು ಸೆಕೆಂಡಿನ ಕೆಲಸ, ಯಾರು ಬೇಕಾದರೂ ಮಾಡಬಹುದು. ಆದರೆ ಅದರಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದು ಸಣ್ಣ ಕಲ್ಲು ಮುಚ್ಚಿಹೋಗುತ್ತದೆ. ನಿಜವಾದ ಪರೀಕ್ಷೆ ತೆಳು ಸ್ಲೈಸ್‌ಗಳಲ್ಲಿ ತೆಗೆಯುವ 18 ಸೆಕೆಂಡಿನ 3ಡಿ ಸ್ಕ್ಯಾನ್. ಉಸಿರು ಒಳಗೆಳೆದು ಹಿಡಿದಾಗ ಸುಲಭ ಅನ್ನಿಸಿತು. ಆದರೆ ಮೂರು ಸಲ ಮಾಡಿಸಿದರೆ ಮೂರು ಸಲವೂ ಲಿವರ್ ಬೇರೆ ಬೇರೆ ಮಟ್ಟದಲ್ಲಿ ನಿಂತಿತ್ತು. ಪೂರ್ತಿ ಬಿಟ್ಟು ನಿಲ್ಲಿಸಿದಾಗ ಹೆಚ್ಚುಕಡಿಮೆ ಅದೇ ಜಾಗ. ಉಸಿರು ಬಿಟ್ಟ ಮೇಲೆ ವಪೆಯ ಸ್ನಾಯು ಸಡಿಲವಾಗಿ ತನ್ನ ಜಾಗಕ್ಕೆ ಬಂದು ಕೂರುತ್ತದಲ್ಲ, ಅದಕ್ಕೆ. ಆದರೆ ಆ 18 ಸೆಕೆಂಡ್ ಇದೆಯಲ್ಲ, ಅಬ್ಬಾ! 12ಕ್ಕೇ ನನ್ನ ಹೊಟ್ಟೆ ತಾನಾಗಿ ಎಗರತೊಡಗಿತು. ಇಷ್ಟು ವರ್ಷ ಎಷ್ಟು ಜನರಿಗೆ "ಸುಮ್ನೆ ಹಿಡ್ಕೊಳ್ಳಿ, ಏನಾಗಲ್ಲ" ಅಂದಿದ್ದೆನೋ.

ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ ನೆನಪಾಗುತ್ತಾರೆ. ಅಡಿಕೆ ಸುಲಿದು ಬೆರಳೆಲ್ಲ ಕಪ್ಪಾಗಿತ್ತು. ಮಷಿನ್‌ನ ರೆಕಾರ್ಡೆಡ್ ದನಿ ಇಂಗ್ಲಿಷ್‌ನಲ್ಲಿ "ಬ್ರೀತ್ ಔಟ್, ಹೋಲ್ಡ್" ಅಂದರೆ ಅವರಿಗೇನು ಗೊತ್ತು? ನಾನು ಮೈಕ್‌ನಲ್ಲಿ "ಉಸಿರು ಹಿಡ್ಕೊಳ್ಳಿ ಅಜ್ಜಿ" ಅಂದೆ. ಅವರು ಕೆನ್ನೆ ಉಬ್ಬಿಸಿ ಬಾಯಿ ಬಿಗಿದುಕೊಂಡು ಮೂಗಿನಲ್ಲಿ ಆರಾಮಾಗಿ ಉಸಿರಾಡಿದರು. ಚಿತ್ರ ಪೂರ್ತಿ ಕಲಸಿಹೋಯಿತು. ಟೇಬಲ್ ಹೊರಗೆಳೆದು, ಅವರ ಕೈಯನ್ನೇ ಹೊಟ್ಟೆ ಮೇಲೆ ಇಡಿಸಿ, "ದೀಪ ಆರಿಸೋ ಹಾಗೆ ಪೂರ್ತಿ ಊದಿ" ಅಂದೆ. "ಬಿಡ್ತು ಅನ್ನು ಮಾರಾಯ, ಆಸ್ಪತ್ರೇಲಿ ದೀಪ ಆರಿಸು ಅಂತೀಯಲ್ಲ" ಅಂದರು. ತಪ್ಪಾಯ್ತು ಅಂತ "ಒಲೆ ಊದೋ ಹಾಗೆ" ಅಂತ ಬದಲಿಸಿದೆ. ಎರಡು ಸಲ ಅಭ್ಯಾಸ ಮಾಡಿಸಿದ ಮೇಲೆ, ಸ್ಕ್ಯಾನನ್ನು 14 ಸೆಕೆಂಡಿಗೆ ಇಳಿಸಿ, ಒಂದೇ ಏಟಿಗೆ ಮುಗಿಸಿದೆವು. ಈಗ ಮಷಿನ್‌ನಲ್ಲಿ ನನ್ನದೇ ದನಿ ಕನ್ನಡದಲ್ಲಿ ರೆಕಾರ್ಡ್ ಆಗಿದೆ. ಒಲೆ ಸಮೇತ.

ಎರಡನೆಯದು ಬೆಲ್ಲೋಸ್ ಬೆಲ್ಟ್. ಗಾಳಿ ತುಂಬಿದ ಸಣ್ಣ ರಬ್ಬರ್ ದಿಂಬನ್ನು ಹೊಟ್ಟೆಗೆ ಕಟ್ಟುತ್ತೇವೆ. ಉಸಿರಿನ ಅಲೆ ಸ್ಕ್ರೀನ್ ಮೇಲೆ ಬರುತ್ತದೆ. ಉಸಿರು ಬಿಟ್ಟು ಮುಗಿದ ಕ್ಷಣ ನೋಡಿ ಮಷಿನ್ ಡೇಟಾ ಹಿಡಿಯುತ್ತದೆ. ನನ್ನ ಮೇಲೆ ನಾಲ್ಕೂವರೆ ನಿಮಿಷ ಹಿಡಿಯಿತು. ಲಿವರ್ ಒಳಗಿನ ಸಣ್ಣ ಕವಲುಗಳು ಉಸಿರು ಕಟ್ಟಿದ ಚಿತ್ರಕ್ಕಿಂತ ಚೆನ್ನಾಗಿ ಬಂದವು. ಆದರೆ ಬೆಲ್ಟ್‌ಗೆ ಗೊತ್ತಾಗುವುದು ಯಾವಾಗ ಅನ್ನುವುದು ಮಾತ್ರ, ಎಲ್ಲಿ ಅನ್ನುವುದಲ್ಲ. ನಡುವೆ ನನಗೆ ಜೊಂಪು ಹತ್ತಿತು. ಉಸಿರು ತೆಳುವಾಯಿತು, ಟ್ರಿಗರ್, ಅಂದರೆ ಡೇಟಾ ಹಿಡಿಯಲು ಮಷಿನ್‌ಗೆ ಸಿಗುವ ಸೂಚನೆ, ತಪ್ಪತೊಡಗಿತು. ಜೊತೆಗಾರ ಮೈಕ್‌ನಲ್ಲಿ "ಏಯ್, ಮನೆಗೆ ಹೋಗಿ ಮಲಗು" ಅಂದ. ಎದೆಯಿಂದ ಉಸಿರಾಡುವವರಿಗೆ ಹೊಟ್ಟೆಗೆ ಕಟ್ಟಿದರೆ ಅಲೆಯೇ ಏಳುವುದಿಲ್ಲ. ಬೆಲ್ಟ್ ಸರಿಯಿಲ್ಲ ಅಂತ ಬೈಯುತ್ತಿದ್ದ ಎಷ್ಟೋ ಕೇಸುಗಳಲ್ಲಿ ತಪ್ಪು ಕಟ್ಟಿದ ಜಾಗದ್ದು, ಅಂದರೆ ನನ್ನದು.

ಮೂರನೆಯದು ನ್ಯಾವಿಗೇಟರ್. ಮೈಗೆ ಏನನ್ನೂ ಕಟ್ಟುವುದಿಲ್ಲ. ವಪೆಯ ಬಲಗಡೆಯ ಗುಮ್ಮಟದ ಮೇಲೆ, ಅರ್ಧ ಶ್ವಾಸಕೋಶ ಅರ್ಧ ಲಿವರ್ ಬರುವಂತೆ, ಒಂದು ತೆಳು ಪಟ್ಟಿ ಇಡುತ್ತೇವೆ. ಮಷಿನ್ ಆ ಅಂಚನ್ನೇ ಅಳೆಯುತ್ತಾ ಇರುತ್ತದೆ. ಗೊತ್ತುಮಾಡಿದ ಜಾಗದಿಂದ 2 ಮಿಲಿಮೀಟರ್ ಆಚೀಚೆ ಇದ್ದರೆ ಮಾತ್ರ ಡೇಟಾ ಒಪ್ಪುತ್ತದೆ, ಇಲ್ಲದಿದ್ದರೆ ಬಿಸಾಕುತ್ತದೆ. ನನ್ನಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಒಪ್ಪಿತು, ಐದೂವರೆ ನಿಮಿಷ ಆಯಿತು. ಮೂರರಲ್ಲಿ ಚಿತ್ರ ಇದರದ್ದೇ ಚೆಂದ, ಎರಡನೇ ಮಾತಿಲ್ಲ. ಆದರೆ ನೋವಿನಿಂದ ಏದುಸಿರು ಬಿಡುವವರಲ್ಲಿ ಒಪ್ಪಿಗೆ 20 ಶೇಕಡಕ್ಕೆ ಇಳಿದರೆ ಅದೇ ಸ್ಕ್ಯಾನ್ ಹನ್ನೆರಡು ನಿಮಿಷ ದಾಟುತ್ತದೆ. ಬಲ ಎದೆಯಲ್ಲಿ ನೀರು ತುಂಬಿದ್ದರೆ ಆ ಅಂಚೇ ಸರಿಯಾಗಿ ಸಿಗುವುದಿಲ್ಲ. ಅಂಥವರಿಗೆ ಬೆಲ್ಟೇ ಗತಿ.

ಬೇರೆ ಕಡೆ 3 ಟೆಸ್ಲಾದಲ್ಲೂ ಒಂದಷ್ಟು ದಿನ ಕೆಲಸ ಮಾಡಿದ್ದೇನೆ. ಸಿಗ್ನಲ್ ಜಾಸ್ತಿ, ನಿಜ. ಆದರೆ ಹೊಟ್ಟೆಯಲ್ಲಿ ನೀರು ತುಂಬಿದವರಲ್ಲಿ ಚಿತ್ರದ ನಡುವೆ ಕಪ್ಪು ಮೋಡ ಕವಿದ ಹಾಗಾಗುತ್ತದೆ. ಅವರಿಗೆ ನಮ್ಮ 1.5 ಮಷಿನ್ನೇ ವಾಸಿ.

ಅನಾನಸ್ ಜ್ಯೂಸ್ ವಿಷಯ ಬಿಟ್ಟರೆ ಆಗಲಿಕ್ಕಿಲ್ಲ. ಜಠರ, ಕರುಳಿನ ನೀರೂ ಬೆಳ್ಳಗೆ ಕಂಡು ಪಿತ್ತನಾಳದ ತುದಿಯನ್ನು ಮುಚ್ಚುತ್ತದೆ. ಅನಾನಸ್‌ನಲ್ಲಿರುವ ಮ್ಯಾಂಗನೀಸ್ ಆ ನೀರನ್ನು ಕಪ್ಪು ಮಾಡುತ್ತದೆ. ಸಾಗರ, ಸೊರಬದ ಹಣ್ಣು ನಮಗೆ ಕೈಗೆಟಕುವ ದೂರ. ಹಾಗಾಗಿ ಮೊದಲು ತಾಜಾ ಜ್ಯೂಸನ್ನೇ ಹಿಂಡಿಸುತ್ತಿದ್ದೆವು. ಒಂದು ದಿನ ಜಠರ ಪೂರ್ತಿ ಕಪ್ಪು, ಮರುದಿನ ಬೂದು. ಹಣ್ಣಿನಿಂದ ಹಣ್ಣಿಗೆ ವ್ಯತ್ಯಾಸ, ನೀರು ಬೆರೆಸುವ ಕೈ ಬೇರೆ. ಈಗ ಒಂದೇ ತರಹದ ಪ್ಯಾಕೆಟ್ ಜ್ಯೂಸ್, ಅಳತೆ ಮಾಡಿ, ಸ್ಕ್ಯಾನ್‌ಗೆ 15 ನಿಮಿಷ ಮುಂಚೆ. ರುಚಿಗೆ ತಾಜಾದ್ದೇ ಸರಿ, ಆದರೆ ನಾವು ಕುಡಿಸುತ್ತಿರುವುದು ರುಚಿಗಲ್ಲವಲ್ಲ. ಸಕ್ಕರೆ ಕಾಯಿಲೆಯವರಿಗೆ ಡಾಕ್ಟರನ್ನು ಕೇಳದೆ ಕೊಡುವುದಿಲ್ಲ.

ಇಷ್ಟೆಲ್ಲ ಕಲಿತು, ಪ್ರತಿಯೊಬ್ಬರಿಗೂ ಹೊಂದುವ ವಿಧಾನ ಆರಿಸುತ್ತಾ ಬೀಗುತ್ತಿದ್ದೆ. ಆಗ ರೇಡಿಯಾಲಜಿ ಪಿಜಿ ಮಾಡುತ್ತಿದ್ದ ಡಾಕ್ಟರ್ ಮೇಡಂ ಒಬ್ಬರು ಥೀಸಿಸ್‌ಗೆ ನಮ್ಮ ಎಂಆರ್‌ಸಿಪಿಗಳನ್ನು ತೆಗೆದುಕೊಂಡರು. ಎರಡೇ ದಿನಕ್ಕೆ ವಾಪಸ್ ಬಂದರು. "ಚಿತ್ರ ಎಲ್ಲ ಚೆನ್ನಾಗಿವೆ, ಆದ್ರೆ ಒಂದನ್ನ ಇನ್ನೊಂದರ ಪಕ್ಕ ಇಡೋಕಾಗಲ್ಲ ಸರ್." ಒಂದು ಬೆಲ್ಟ್‌ನದ್ದು, ಒಂದು ಉಸಿರು ಕಟ್ಟಿದ್ದು. ಸ್ಲೈಸ್ ದಪ್ಪ ಒಂದರಲ್ಲಿ 1 ಮಿಲಿಮೀಟರ್, ಇನ್ನೊಂದರಲ್ಲಿ ಒಂದೂವರೆ. ಕಲ್ಲು ಕಾಣಲಿಲ್ಲ ಅಂದರೆ ಕಲ್ಲೇ ಇರಲಿಲ್ಲವೋ, ನಾನು ಆರಿಸಿದ ವಿಧಾನಕ್ಕೆ ಕಾಣಲಿಲ್ಲವೋ ಹೇಗೆ ಹೇಳುವುದು? ಪೇಷಂಟ್‌ಗೆ ಒಳ್ಳೆಯದಾಗಿದ್ದ ನನ್ನ ಜಾಣತನ ಸಂಶೋಧನೆಗೆ ಕಸವಾಗಿತ್ತು.

ಆಮೇಲೆ ಕೂತು ಮಾತಾಡಿ ಒಂದು ಕ್ರಮ ಮಾಡಿಕೊಂಡೆವು. ಥೀಸಿಸ್ ಕೇಸ್ ಆದರೆ ಎಲ್ಲರಿಗೂ ಮೊದಲು ನ್ಯಾವಿಗೇಟರ್, ಅದೇ ಅಳತೆಗಳಲ್ಲಿ. ಏಳು ನಿಮಿಷ ದಾಟಿದರೆ ನಿಲ್ಲಿಸಿ, ಆ ವ್ಯಕ್ತಿಗೆ ಹೊಂದುವುದನ್ನು ಬೇರೆಯಾಗಿ ತೆಗೆಯುವುದು. ನಿಲ್ಲಿಸಿದ್ದನ್ನೂ ಅಳಿಸದೆ ಇಡುವುದು. ಒಂದು ಲಾಂಗ್ ಬುಕ್‌ನಲ್ಲಿ ಗೆರೆ ಹೊಡೆದು ಉಪವಾಸದ ಗಂಟೆ, ಜ್ಯೂಸ್ ಕೊಟ್ಟ ಹೊತ್ತು, ಒಪ್ಪಿಗೆಯ ಶೇಕಡ ಬರೆಯುವುದು. ಪುಸ್ತಕ ತುಂಬುತ್ತಾ ಹೋದಂತೆ ನನಗೇ ಒಂದು ಕಂಡಿತು: ಒಪ್ಪಿಗೆ ತೀರಾ ಕಡಿಮೆ ಇದ್ದವರಲ್ಲಿ ಹೆಚ್ಚಿನವರು ಬಸ್ ಇಳಿದು ಓಡಿಬಂದು ನೇರ ಟೇಬಲ್ ಹತ್ತಿದವರು. ಈಗ ಹತ್ತು ನಿಮಿಷ ಫ್ಯಾನ್ ಕೆಳಗೆ ಕೂರಿಸುತ್ತೇನೆ.

ಜೊತೆಗಾರ ಮಾತ್ರ ಇವತ್ತಿಗೂ ಬೆಲ್ಟ್ ಪಕ್ಷ. ಅವನ ಪಾಳಿಯ ಥೀಸಿಸ್ ಕೇಸ್‌ಗಳಿಗೆ ಗೊಣಗುತ್ತಲೇ ನ್ಯಾವಿಗೇಟರ್ ಹಾಕುತ್ತಾನೆ, ಉಳಿದವರಿಗೆಲ್ಲ ಬೆಲ್ಟು. ಅದರ ವೆಲ್ಕ್ರೋ ಸವೆದು ಹಿಡಿತ ಬಿಟ್ಟಿದೆ. ಹೊಸದಕ್ಕೆ ಬರೆದುಕೊಟ್ಟಿದ್ದೇವೆ, ಬರುವವರೆಗೆ ಪ್ಲಾಸ್ಟರ್ ಅಂಟಿಸಿ ನಡೆಸುತ್ತಿದ್ದಾನೆ.