ಇಂದಿರಾನಗರದ ಆ ಇಟಾಲಿಯನ್ ಹೋಟೆಲ್: ಹಳೇ ಗಿರಾಕಿಯೊಬ್ಬನ ವಿಮರ್ಶೆ

ಈ ಹೋಟೆಲಿಗೆ ನಾನು ಹೊಸಬನಲ್ಲ. ಇಂದಿರಾನಗರದ ಅಡ್ಡರಸ್ತೆಯೊಂದರಲ್ಲಿ ಶುರುವಾದಾಗಿಂದ ಹೋಗಿ ಬಂದು ಮಾಡುತ್ತಿದ್ದೇನೆ. ಮನೆಯವರ ಹುಟ್ಟುಹಬ್ಬ, ತಂಗಿಗೆ ಕೆಲಸ ಸಿಕ್ಕಿದ ಖುಷಿ, ಅಡುಗೆ ಮಾಡಲು ಬೇಜಾರಾದ ಶನಿವಾರ, ಎಲ್ಲಕ್ಕೂ ಇಲ್ಲಿಗೇ ಓಟ. ಹೆಸರು ಹಾಕುತ್ತಿಲ್ಲ. ಮೆನು ಉದ್ದವಾಗುತ್ತಾ ಅಡುಗೆ ಕೆಡುವ ಈ ಕಾಯಿಲೆ ನಗರದ ಬೇರೆ ಕಡೆಯೂ ಇದೆ. ಆದರೆ ಇಲ್ಲಿ ಅದು ಬೆಳೆದದ್ದನ್ನು ಹತ್ತಿರದಿಂದ ನೋಡಿದ್ದೇನೆ.

ಆಗ ಮೆನು ಅಂದರೆ ಒಂದೇ ಹಾಳೆ. ನಾಲ್ಕೈದು ಪಾಸ್ತಾ, ಅಷ್ಟೇ ಪಿಜ್ಜಾ, ಒಂದು ರಿಸೊಟ್ಟೊ ಅಂದರೆ ಇಟಲಿಯ ಮೆತ್ತನೆ ಅನ್ನ. ರಿಸೊಟ್ಟೊ ಬೇಕು ಅಂದರೆ "ಇಪ್ಪತ್ತು ನಿಮಿಷ ಆಗುತ್ತೆ ಸರ್, ಪರವಾಗಿಲ್ವಾ?" ಎಂದು ಕೇಳುತ್ತಿದ್ದರು. ಈಗ ಮೆನು ಮದುವೆ ಆಲ್ಬಮ್ಮಿನಷ್ಟು ದಪ್ಪ. ಪನೀರ್ ಟಿಕ್ಕಾ ಪಿಜ್ಜಾದಿಂದ ಹಿಡಿದು ಸುಶಿವರೆಗೆ ಎಲ್ಲವೂ ಇದೆ. ಪನೀರ್ ಟಿಕ್ಕಾ ಪಿಜ್ಜಾ ಬಗ್ಗೆ ನನಗೇನೂ ತಕರಾರಿಲ್ಲ, ಇಷ್ಟ ಇರುವವರು ತಿನ್ನಲಿ. ತೊಂದರೆ ಇರುವುದು ಅಡುಗೆಮನೆಯಲ್ಲಿ. ಇಷ್ಟೊಂದು ಐಟಂ ಬೇಗ ಬೇಗ ಕೊಡಬೇಕಾದರೆ ಯಾವುದನ್ನೂ ಆಗಿಂದಾಗ ಬೇಯಿಸಲು ಆಗುವುದಿಲ್ಲ.

ಪಾಸ್ತಾದಲ್ಲೇ ಇದು ಎದ್ದು ಕಾಣುತ್ತದೆ. ಒಣ ಸ್ಪಗೆಟ್ಟಿ ಬೇಯಲು ಎಂಟು-ಹತ್ತು ನಿಮಿಷ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ತುಸು ಜಾಸ್ತಿ ಹೊತ್ತೇ ಹಿಡಿಯಬೇಕು. ಇಲ್ಲಿ ನೋಡಿದರೆ ಆರ್ಡರ್ ಕೊಟ್ಟು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ತಟ್ಟೆ ಮುಂದೆ ಬರುತ್ತದೆ. ಅಂದರೆ ಮೊದಲೇ ಬೇಯಿಸಿ, ಅಂಟದ ಹಾಗೆ ಎಣ್ಣೆ ಸವರಿ ಇಟ್ಟಿದ್ದಾರೆ. ಕೇಳಿದಾಗ ಬಿಸಿನೀರಲ್ಲಿ ಅದ್ದಿ ತೆಗೆಯುತ್ತಾರೆ. ಬಾಯಿಗಿಟ್ಟರೆ ಹೊರಗೆ ಮೆತ್ತಗೆ, ಒಳಗೂ ಮೆತ್ತಗೆ. ಇಟಲಿಯವರು ಕೇಳುವ ಆ ಸಣ್ಣ ಬಿಗಿ ಎಲ್ಲೂ ಇಲ್ಲ.

ಕಾರ್ಬೊನಾರಾ ಎಂಬ ಪಾಸ್ತಾಕ್ಕೆ ಕ್ರೀಮ್ ಬಂದದ್ದೂ ಇದರಿಂದಲೇ ಅಂತ ನನ್ನ ಅನುಮಾನ. ರೋಮ್ ಕಡೆಯ ಈ ತಿಂಡಿಗೆ ಬೇಕಾದದ್ದು ಮೊಟ್ಟೆ, ಪೆಕೊರಿನೊ ಎಂಬ ಕುರಿ ಹಾಲಿನ ಚೀಸು, ಹಂದಿಯ ಕೆನ್ನೆ ಮಾಂಸ, ಕರಿಮೆಣಸು. ಬಿಸಿ ಪಾಸ್ತಾ, ಅದು ಬೆಂದ ಗಂಜಿ ನೀರು, ಮೊಟ್ಟೆ, ಚೀಸು ಸೇರಿದಾಗ ತಾನಾಗಿಯೇ ಗಟ್ಟಿ ಸಾಸ್ ಆಗುತ್ತದೆ. ಕ್ರೀಮಿನ ಗೊಡವೆಯೇ ಬೇಡ. ಎಣ್ಣೆ ಸವರಿದ ಹಳೇ ಪಾಸ್ತಾಕ್ಕೆ ಸಾಸ್ ಹಿಡಿಯುವುದಿಲ್ಲ, ಆ ಗಂಜಿ ನೀರೂ ಕೈಯಲ್ಲಿರುವುದಿಲ್ಲ. ಆಗ ಕ್ರೀಮ್ ಸುರಿಯದೆ ದಾರಿ ಇಲ್ಲ. ಕೆನ್ನೆ ಮಾಂಸ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಬೇಕನ್ ಹಾಕಿದರೆ ನಾನು ಚಕಾರ ಎತ್ತುವುದಿಲ್ಲ. ಆದರೆ ಕಳೆದ ಸಲ ಕ್ರೀಮಿನ ಜೊತೆ ಸ್ವೀಟ್ ಕಾರ್ನ್ ಕೂಡ ಇತ್ತು! ತಟ್ಟೆಗೆ ಏಳುನೂರು ರೂಪಾಯಿ ಹತ್ತಿರ ತೆಗೆದುಕೊಂಡು ಜೋಳದ ಕಾಳು ಹಾಕುತ್ತಾರಲ್ಲ, ಏನು ಧೈರ್ಯ!

ರಿಸೊಟ್ಟೊಗೆ ಈಗ ಯಾರೂ ಇಪ್ಪತ್ತು ನಿಮಿಷ ಕೇಳುವುದಿಲ್ಲ. ಅಕ್ಕಿ ಮೊದಲೇ ಅರ್ಧ ಬೆಂದು ಕಾಯುತ್ತಿರುತ್ತದೆ. ಮೇಲೆ ಟ್ರಫಲ್ ಎಂಬ ದುಬಾರಿ ಅಣಬೆಯ ವಾಸನೆಯ ಎಣ್ಣೆ ಚಿಮುಕಿಸಿ ಇನ್ನೂರು ರೂಪಾಯಿ ಜಾಸ್ತಿ ಹಾಕುತ್ತಾರೆ. ಪೇಟೆಯಲ್ಲಿ ಸಿಗುವ ಟ್ರಫಲ್ ಎಣ್ಣೆಯಲ್ಲಿ ಬಹುಪಾಲು ಕಾರ್ಖಾನೆಯಲ್ಲಿ ಮಾಡಿದ ವಾಸನೆ ಸೇರಿಸಿದ್ದೇ.

ಪಿಜ್ಜಾ ಅಷ್ಟೊಂದು ಕೆಟ್ಟಿಲ್ಲ. ಸೌದೆ ಒಲೆ ತೆಗೆದು ಕರೆಂಟಿನದು ಇಟ್ಟಿದ್ದಾರೆ ಎಂದು ಕೆಲವರು ಗೊಣಗುತ್ತಾರೆ. ನನಗೆ ಅದು ದೊಡ್ಡ ವಿಷಯ ಅಲ್ಲ. 1984ರಿಂದ ಇಟಲಿಯ ನೇಪಲ್ಸ್ ಊರಿನ ಪಿಜ್ಜಾದ ನಿಯಮ ಕಾಯುತ್ತಿರುವ ಅಲ್ಲಿನ ಸಂಘವೇ ಕೆಲವು ಕರೆಂಟ್ ಒಲೆಗಳಿಗೆ ಒಪ್ಪಿಗೆ ಕೊಟ್ಟಿದೆ. ಅವರು ಕೇಳುವುದು ಬಿಸಿ: 430 ಡಿಗ್ರಿ ಮೇಲೆ, ಒಂದರಿಂದ ಒಂದೂವರೆ ನಿಮಿಷದಲ್ಲಿ ಪಿಜ್ಜಾ ಹೊರಗೆ ಬರಬೇಕು. ಇಲ್ಲಿ ಒಲೆ ಅಷ್ಟು ಕಾಯುವ ಮೊದಲೇ ಹಾಕುತ್ತಾರೋ ಏನೋ, ಅಂಚು ಬಿಳುಚಿಕೊಂಡು ಬಿಸ್ಕತ್ತಿನ ಹಾಗೆ ಗಟ್ಟಿಯಾಗಿರುತ್ತದೆ.

ಇದೆಲ್ಲ ರುಚಿಯ ಮಾತು, ಸಹಿಸಬಹುದು. ಸಹಿಸಲಾಗದ್ದು ಚೀಸಿನ ವಿಷಯ. ಅಪ್ಪ ಪೂರ್ತಿ ಸಸ್ಯಾಹಾರಿ. ಅವರಿಗೆ ಟೊಮೆಟೊ ಪಾಸ್ತಾ ತರಿಸಿದೆವು. ಮೆನುವಿನಲ್ಲಿ ಪಕ್ಕದಲ್ಲಿ ಹಸಿರು ಚುಕ್ಕೆ, ಕೆಳಗೆ "ಅಸಲಿ ಪಾರ್ಮಿಜಾನೊ ರೆಜ್ಜಾನೊ ತುರಿಯೊಂದಿಗೆ" ಎಂಬ ಸಾಲು. ಅಪ್ಪ ಕೇಳಿದರು, "ಇದರಲ್ಲಿ ಬೇರೆ ಏನೂ ಇಲ್ಲ ತಾನೇ ನೋಡಪ್ಪಾ?" ಬಡಿಸುವ ಹುಡುಗ "ಪಕ್ಕಾ ವೆಜ್ ಅಂಕಲ್" ಎಂದ. ಆದರೆ ಪಾರ್ಮಿಜಾನೊ ರೆಜ್ಜಾನೊ ಎಂದು ಕರೆಸಿಕೊಳ್ಳಬೇಕಾದರೆ ಹಾಲನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಒಡೆಸಬೇಕು. ಆ ಚೀಸಿನ ನಿಯಮವೇ ಅದು. ಅಂದಮೇಲೆ ಅಪ್ಪನಂಥವರ ಲೆಕ್ಕದಲ್ಲಿ ಆ ಸಾಲೂ ಆ ಚುಕ್ಕೆಯೂ ಒಟ್ಟಿಗೆ ನಿಜವಾಗಿರಲು ಸಾಧ್ಯವೇ ಇಲ್ಲ. ಮ್ಯಾನೇಜರ್ ಬಂದರು. "ಸರ್, ನಮ್ದು ಇಂಪೋರ್ಟೆಡ್ ಚೀಸ್ ಸರ್" ಎಂದರು. ಪ್ಯಾಕೆಟ್ ತೋರಿಸಿ ಎಂದೆ. ಒಳಗೆ ಹೋದವರು ತಿರುಗಿ ಬರಲೇ ಇಲ್ಲ. ಅಪ್ಪ ಬರೀ ಬ್ರೆಡ್ಡು ತಿಂದು ಎದ್ದರು.

ಸಸ್ಯಾಹಾರಿ ರೆನೆಟ್‌ನಲ್ಲಿ ಮಾಡಿದ ಗಟ್ಟಿ ಚೀಸು ನಮ್ಮಲ್ಲೇ ಸಿಗುತ್ತದೆ. ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳು ಮಠದಲ್ಲೇ ಒಳ್ಳೆ ಮೊಟ್ಸರೆಲ್ಲಾ ಮಾಡಿ ಮಾರುವ ಊರು ಇದು. ಊರಿನ ಚೀಸು ಹಾಕಿ ಹಾಗೇ ಬರೆದಿದ್ದರೆ ಯಾರು ಬೇಡ ಅನ್ನುತ್ತಿದ್ದರು?

ತಿರಾಮಿಸು ಎಂಬ ಕಾಫಿ ಹಾಕಿದ ಸಿಹಿತಿಂಡಿ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಸಿಹಿ ಜಾಸ್ತಿ, ಕಾಫಿ ಕಮ್ಮಿ. ಫಿಲ್ಟರ್ ಕಾಫಿಯ ಊರಲ್ಲಿ ಇದಕ್ಕೂ ಕೊರತೆ!

ಬಿಲ್ಲಿಗೆ ಬರೋಣ. ಶೇಕಡಾ 10 ಸೇವಾ ಶುಲ್ಕ ತಾನಾಗಿಯೇ ಸೇರಿರುತ್ತದೆ, ಅದರ ಮೇಲೆ ಶೇಕಡಾ 5 ಜಿಎಸ್‌ಟಿ. ಸೇವಾ ಶುಲ್ಕವನ್ನು ಹೀಗೆ ತಾನಾಗಿ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಇವರಿಗೆ ಸುದ್ದಿ ತಲುಪಿದ ಹಾಗೆ ಕಾಣುವುದಿಲ್ಲ. ಕೇಳಿದರೆ ತೆಗೆಯುತ್ತಾರೆ, ಆದರೆ ಮುಖ ಸಿಂಡರಿಸಿಕೊಂಡು. ಬಡಿಸುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಗೆ ನೇರವಾಗಿ ಟಿಪ್ಸ್ ಕೊಟ್ಟು ಬರುತ್ತೇನೆ.

ಐದಕ್ಕೆ ಎರಡು ಸ್ಟಾರ್. ಒಂದು ಜಾಗ ಚೆನ್ನಾಗಿರುವುದಕ್ಕೆ, ಇನ್ನೊಂದು ಮಾರಿನಾರಾ ಪಿಜ್ಜಾಕ್ಕೆ. ಅದರಲ್ಲಿ ಚೀಸೇ ಇರುವುದಿಲ್ಲ, ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಯಾರಾದರೂ ಕರೆದುಕೊಂಡು ಹೋದರೆ ರಾತ್ರಿ ಎಂಟೂವರೆ ಮೇಲೆ, ಒಲೆ ಚೆನ್ನಾಗಿ ಕಾದಿರುವಾಗ ಅದನ್ನೇ ತರಿಸಿ. ಸೇವಾ ಶುಲ್ಕ ತೆಗೆಯಲ್ಲ ಎಂದು ಹಠ ಹಿಡಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.