ಮಣಿಕರ್ಣಿಕಾ ಘಾಟ್‌ನಲ್ಲಿ ಯಾರಾದರೂ "ಮೇಲೆ ಬನ್ನಿ" ಅಂದರೆ ಹೋಗಬೇಡಿ

ಕಾಶಿ, ಸಾರನಾಥ, ಗಯಾ, ಬೋಧ್‌ಗಯಾ ಅಂತ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಗೆಳೆಯರ ಜೊತೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬರೆಯುವುದಕ್ಕೆ ನಾಚಿಕೆ ಆಗುತ್ತಿದೆ. ಆದರೆ ನಾಚಿಕೆಗಿಂತ ಸಿಟ್ಟೇ ಜಾಸ್ತಿ ಇದೆ. ದೋಣಿಯವನು ನೂರು ರೂಪಾಯಿ ಹೆಚ್ಚು ಕೇಳುವುದು, ಆಟೋದವನು ಊರೆಲ್ಲಾ ಸುತ್ತಿಸುವುದು ಎಲ್ಲ ಕಡೆಯೂ ಇದ್ದದ್ದೇ. ನಾನು ಹೇಳುತ್ತಿರುವುದು ಅದಲ್ಲ. ನಿಮ್ಮ ಮನೆಯಲ್ಲಿ ತೀರಿಕೊಂಡವರ ಹೆಸರನ್ನು ನಿಮ್ಮ ಬಾಯಿಂದಲೇ ಹೇಳಿಸಿ, ಉರಿಯುವ ಚಿತೆಯ ಎದುರು ನಿಲ್ಲಿಸಿ ದುಡ್ಡು ಕೀಳುತ್ತಾರೆ. ಅದನ್ನು ಹೇಳುತ್ತಿದ್ದೇನೆ.

ನಾವು ನಾಲ್ವರು ಗೆಳೆಯರು. ಬೆಂಗಳೂರಿನಿಂದ ಸ್ಲೀಪರ್‌ನಲ್ಲಿ ಹೋಗಿದ್ದು. ಗೊದೌಲಿಯಾ ಹತ್ತಿರ ಡಾರ್ಮಿಟರಿ, ಬೆಳಿಗ್ಗೆ ಕಚೋರಿ, ರಾತ್ರಿ ಎಲ್ಲಾದರೂ ರೊಟ್ಟಿ ಸಬ್ಜಿ. ದುಡ್ಡೆಲ್ಲ ಒಂದೇ ಪರ್ಸಿನಲ್ಲಿ. ಒಬ್ಬರಿಗೆ ದಿನಕ್ಕೆ 700 ರೂಪಾಯಿ ದಾಟಬಾರದು ಅಂತ ಮೊದಲೇ ಮಾತಾಗಿತ್ತು.

ಕಾಶಿಗೆ ಹೋದವರಿಗೆ ಗೊತ್ತು, ಅಲ್ಲಿ ನಮ್ಮವರಿಗೆ ಏನೂ ಕಮ್ಮಿ ಇಲ್ಲ. ಜಂಗಮವಾಡಿ ಮಠ ಇದೆ, ಹನುಮಾನ್ ಘಾಟ್ ಕಡೆ ಕರ್ನಾಟಕ ಛತ್ರ ಇದೆ. ವರ್ಷವಿಡೀ ನಮ್ಮ ಕಡೆಯ ಯಾತ್ರಿಕರು ಬರುತ್ತಲೇ ಇರುತ್ತಾರೆ. ಹಾಗಾಗಿ ಗಲ್ಲಿಗಳಲ್ಲಿ ನಾಲ್ಕು ಮಾತು ಕನ್ನಡ ಬರುವ ಅಂಗಡಿಯವರು ಸಿಗುತ್ತಾರೆ. ದಲ್ಲಾಳಿಗಳಿಗೂ ಬರುತ್ತೆ. ಇದನ್ನು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನದ ಹೊತ್ತು. ದಶಾಶ್ವಮೇಧ ಘಾಟ್‌ನಿಂದ ಮೆಟ್ಟಿಲ ಮೇಲೇ ನಡೆದುಕೊಂಡು ಮಣಿಕರ್ಣಿಕಾಗೆ ಬಂದೆವು. ಅಲ್ಲಿ ಸೌದೆ ರಾಶಿ ಮನೆ ಎತ್ತರಕ್ಕೆ ಪೇರಿಸಿರುತ್ತಾರೆ. ಹೊಗೆ, ಬಿಸಿ, ಹೆಣ ಹೊತ್ತು ಬರುವವರ "ರಾಮ್ ನಾಮ್ ಸತ್ಯ ಹೈ". ನಾವು ಒಂದು ಪಕ್ಕಕ್ಕೆ ಸುಮ್ನೆ ನಿಂತಿದ್ದೆವು. ಒಬ್ಬ ಬಂದ. "ಫೋಟೋ ತೆಗೆಯಬೇಡಿ" ಅಂದ. ನಮ್ಮ ಯಾರ ಕೈಯಲ್ಲೂ ಫೋನ್ ಇರಲಿಲ್ಲ. ಇಲ್ಲ ಅಂದೆವು. "ಎಲ್ಲಿಂದ? ಬೆಂಗಳೂರಾ? ಚೆನ್ನಾಗಿದ್ದೀರಾ?" ಅಂತ ಕನ್ನಡದಲ್ಲೇ ಕೇಳಿದ. ಊರು ಬಿಟ್ಟು ಅಷ್ಟು ದೂರ ಬಂದಾಗ ಆ ಒಂದು ಮಾತಿಗೆ ಯಾರಿಗಾದರೂ ಮುಖ ಅರಳುತ್ತೆ.

ಆಮೇಲೆ ಹಿಂದಿಯಲ್ಲಿ ಶುರು. "ಇಲ್ಲಿ ನಿಲ್ಲಬಾರದು, ಸತ್ತವರ ಮನೆಯವರಿಗೆ ಬೇಜಾರಾಗುತ್ತೆ. ಮೇಲೆ ಬನ್ನಿ, ಅಲ್ಲಿಂದ ನೋಡಿ. ನಾನು ಗೈಡ್ ಅಲ್ಲ. ನನಗೆ ದುಡ್ಡು ಬೇಡ. ಇದು ನನ್ನ ಸೇವೆ." ದುಡ್ಡು ಬೇಡ ಅನ್ನುವುದನ್ನು ಎಷ್ಟು ಸಲ ಹೇಳಿದನೋ! ಅವನು ಹೇಳಿದ್ದರಲ್ಲಿ ಬೇಕಾದಷ್ಟು ನಿಜವೂ ಇತ್ತು. ಅಲ್ಲಿನ ಬೆಂಕಿ ಆರಲು ಬಿಡುವುದಿಲ್ಲ, ಅದನ್ನು ಕಾಯುವವರು ಡೋಮ್ ಸಮುದಾಯದವರು, ಸನ್ಯಾಸಿಗಳನ್ನು, ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಹೀಗೆ. ಹತ್ತು ನಿಜ ಹೇಳಿ ಹನ್ನೊಂದನೆಯದಾಗಿ ಸುಳ್ಳು ಹೇಳುತ್ತಾರೆ. ಹತ್ತು ನಿಜ ಕೇಳಿದ ಮೇಲೆ ಹನ್ನೊಂದನೆಯದನ್ನು ಯಾರು ಅನುಮಾನಿಸುತ್ತಾರೆ, ಹೇಳಿ.

ಮೇಲೆ ಅಂದರೆ ಚಿತೆಗಳ ಹಿಂದೆ ಇರುವ ಹೊಗೆ ಹಿಡಿದ ಹಳೇ ಕಟ್ಟಡ. ಕಿರಿದಾದ ಮೆಟ್ಟಿಲು. ಮಹಡಿಯ ಒಂದು ಪಕ್ಕ ತೆರೆದಿದೆ, ಕೆಳಗೆ ಚಿತೆಗಳು ಕಾಣುತ್ತವೆ. ಒಂದು ಮೂಲೆಯಲ್ಲಿ ಬಿಳಿ ಸೀರೆಯ ವಯಸ್ಸಾದ ಹೆಂಗಸು ಕೂತಿದ್ದರು. "ಇದು ಸಾಯಲು ಬಂದವರ ಮನೆ. ಈ ಅಮ್ಮನಿಗೆ ಯಾರೂ ಇಲ್ಲ. ಸೌದೆಗೂ ದುಡ್ಡಿಲ್ಲ. ಒಂದು ಹೆಣಕ್ಕೆ 300 ಕೆಜಿ ಸೌದೆ ಬೇಕು" ಅಂದ. ಆಕೆ ನಮ್ಮನ್ನು ಕರೆದು ಒಬ್ಬೊಬ್ಬರ ತಲೆ ಮೇಲೂ ಕೈ ಇಟ್ಟರು. ಬಾಗಿದವರ ತಲೆಯ ಮೇಲೆ ಆ ಕೈ ಇರುವಾಗಲೇ ಅವನು ಕೇಳಿದ: "ನಿಮ್ಮ ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡರಾ?"

ನಮ್ಮಲ್ಲೊಬ್ಬನ ಅಜ್ಜಿ ತೀರಿಕೊಂಡಿದ್ದರು. ಕಾಶಿ ನೋಡಬೇಕು ಅಂತ ಬೇಳೆ ಡಬ್ಬಿಯಲ್ಲಿ ಪುಡಿಗಾಸು ಕೂಡಿಡುತ್ತಿದ್ದ ಅಜ್ಜಿ. ಅವನು ಈ ಟ್ರಿಪ್‌ಗೆ ಒಪ್ಪಿದ್ದೇ ಅದಕ್ಕೆ. ಅವನ ಬಾಯಿಂದ ಅಜ್ಜಿ ಅನ್ನುವ ಮಾತು ಬಂತು. "ಹೆಸರೇನು?" ಹೇಳಿದ. ಮುಗೀತು. ಅಲ್ಲಿಂದಾಚೆಗೆ ಆ ಮನುಷ್ಯನ ಒಂದೊಂದು ಮಾತಿನಲ್ಲೂ ಅಜ್ಜಿಯ ಹೆಸರು. ಕೆಜಿ ಸೌದೆಗೆ 650 ರೂಪಾಯಿ. ಅಜ್ಜಿ ಹೆಸರಲ್ಲಿ ಐದು ಕೆಜಿ ಕೊಡಿಸಿ, ಕಾಶಿಗೆ ಬರಲಾಗದ ಅಜ್ಜಿಗೆ ಕಾಶಿಯ ಪುಣ್ಯ ಸಿಗುತ್ತೆ ಅಂದ. ಲೆಕ್ಕ ಹಾಕಿ, 3,250.

ನಾವು ಒಂದು ಕೆಜಿ ಕೊಡುತ್ತೇವೆ ಅಂದೆವು. ದನಿಯೇ ಬದಲಾಯಿತು. "ನಾಲ್ಕು ಜನ, ಒಂದು ಕೆಜಿ? ಅಜ್ಜಿ ಹೆಸರಲ್ಲಿ ಚೌಕಾಶಿನಾ?" ತಿರುಗಿ ನೋಡಿದರೆ ಮೆಟ್ಟಿಲ ಬಾಯಲ್ಲಿ ಇನ್ನಿಬ್ಬರು ಬಂದು ನಿಂತಿದ್ದಾರೆ. ಅವರು ಒಂದು ಮಾತೂ ಆಡಲಿಲ್ಲ. ಆಡುವುದು ಬೇಕಾಗಿರಲೂ ಇಲ್ಲ. ಫೋನ್‌ಪೇ ಮಾಡುತ್ತೇವೆ ಅಂದರೆ, "ದಾನ ಕೈಯಿಂದಲೇ ಕೊಡಬೇಕು." ರಸೀದಿ ಕೇಳಿದರೆ ಆಕಾಶಕ್ಕೆ ಬೆರಳು ತೋರಿಸಿ, "ರಸೀದಿ ಮೇಲಿನವನು ಬರೆದುಕೊಳ್ಳುತ್ತಾನೆ." ಗೆಳೆಯನ ಕಣ್ಣಲ್ಲಿ ನೀರು ನಿಂತಿತ್ತು. ಪರ್ಸ್ ತೆಗೆದು 2,600 ಎಣಿಸಿಕೊಟ್ಟೆವು. ನಾಲ್ಕು ಜನರಿಗೆ ನಾಲ್ಕು ಕೆಜಿ. ಬರಲಿರುವ ಗಯಾ, ಬೋಧ್‌ಗಯಾಗೆ ಎತ್ತಿಟ್ಟ ದುಡ್ಡು ಅದು.

ಕೆಳಗಿಳಿದು ಬಂದರೆ ನಾಲ್ಕು ಹೆಜ್ಜೆ ದೂರದಲ್ಲೇ ಸೌದೆ ಅಂಗಡಿ. ದೊಡ್ಡ ತಕ್ಕಡಿಯಲ್ಲಿ ಕೊರಡು ತೂಗುತ್ತಿದ್ದರು. ಕೇಳಿದೆವು. ಅಲ್ಲಿ ಲೆಕ್ಕ ಕೆಜಿಯಲ್ಲಲ್ಲ, ಮಣದಲ್ಲಿ. 40 ಕೆಜಿಯ ಒಂದು ಮಣ ಸಾಮಾನ್ಯ ಸೌದೆಗೆ ಅವರು ಹೇಳಿದ ದರ, ಮೇಲಿನವನು ಒಂದು ಕೆಜಿಗೆ ಹೇಳಿದ್ದರ ಆಸುಪಾಸು! ಯಾರೂ ಮಾತಾಡಲಿಲ್ಲ. ಗೆಳೆಯ ಮಾತ್ರ "ಹೋಗ್ಲಿ ಬಿಡ್ರೋ, ಅಮ್ಮನಿಗಾದರೂ ಸಿಗುತ್ತಲ್ಲ" ಅಂದ.

ಮರುದಿನ ಬೆಳಿಗ್ಗೆ ಅದೇ ಗಲ್ಲಿಯಲ್ಲಿ ಬರುತ್ತಿದ್ದೇವೆ. ಅದೇ ದನಿ. "ನಾನು ಗೈಡ್ ಅಲ್ಲ. ನನಗೆ ದುಡ್ಡು ಬೇಡ. ಇದು ನನ್ನ ಸೇವೆ." ಪದ ಆಚೀಚೆ ಇಲ್ಲ. ಎದುರಿಗೆ ಮಧ್ಯಪ್ರದೇಶದ ಕಡೆಯ ಗಂಡ ಹೆಂಡತಿ, ಕೈಯಲ್ಲಿ ಮಗು. ನನಗೆ ತಲೆ ಕೆಟ್ಟಿತು. ಮಧ್ಯೆ ಹೋಗಿ "ಇವನ ಜೊತೆ ಹೋಗಬೇಡಿ" ಅಂತ ಅವರಿಗೆ ಹೇಳಿದೆ. ಅವರು ಹೊರಟುಹೋದರು. ಅವನು ನಮ್ಮ ಕಡೆ ತಿರುಗಿದ. ಗುರುತೇ ಇಲ್ಲದವನ ಹಾಗೆ ನೋಡಿದ.

ನಿನ್ನೆಯ ದುಡ್ಡು ಯಾರಿಗೆ ಕೊಟ್ಟೆ ಅಂತ ಕೇಳಿದೆವು. "ಯಾವ ದುಡ್ಡು?" ಸೌದೆಯ ದುಡ್ಡು. "ಕೊಡಬೇಕಾದವರಿಗೆ ಹೋಯಿತು." ಆ ಅಮ್ಮ ಎಲ್ಲಿ, ನಾವೇ ಸೌದೆ ತೂಗಿಸಿ ಕೊಡುತ್ತೇವೆ, ದುಡ್ಡು ವಾಪಸ್ ಕೊಡು ಅಂದೆ. ಆಗ ಅವನು ಹೇಳಿದ ಮಾತು ಇಲ್ಲಿದೆ, ಒಂದೂ ಬಿಡದೆ ಬರೆಯುತ್ತೇನೆ. "ನಾನು ನಿನ್ನ ಜೇಬಿಗೆ ಕೈ ಹಾಕಿದೆನಾ? ನಿನ್ನ ಕೈಯಾರೆ ಕೊಟ್ಟೆ. ದಾನ ವಾಪಸ್ ಕೇಳಿದರೆ ಪುಣ್ಯವೂ ವಾಪಸ್ ಹೋಗುತ್ತೆ. ಪೊಲೀಸರನ್ನು ಕರೆಯುತ್ತೀಯಾ? ಕರೆ. ಏನಂತ ಹೇಳುತ್ತೀಯಾ? ಸತ್ತವರಿಗೆ ದಾನ ಕೊಟ್ಟೆ, ಈಗ ಮನಸ್ಸಿಲ್ಲ ಅಂತಾನಾ?"

ಇಷ್ಟು ಹೇಳಿ ನನ್ನ ಗೆಳೆಯನ ಕಡೆ ನೋಡಿ ಕೇಳಿದ: "ನಿನ್ನದು ಯಾರು, ಅಪ್ಪನಾ? ಏನು ಹೆಸರು ಅಂದೆ?"

ಒಂದು ದಿನ ಕೂಡ ಆಗಿರಲಿಲ್ಲ. ಹಿಂದಿನ ದಿನ ಮಾತಿಗೊಮ್ಮೆ ಹೇಳಿದ ಹೆಸರು. ಅಜ್ಜಿಯೋ ಅಪ್ಪನೋ ಅನ್ನುವುದೂ ನೆನಪಿಲ್ಲ. ನನಗೆ 2,600 ರೂಪಾಯಿ ಹೋದದ್ದು ಅಷ್ಟು ಉರಿಯಲಿಲ್ಲ, ಇದು ಉರಿಯಿತು. ಈಗಲೂ ಉರಿಯುತ್ತೆ. ಗೆಳೆಯ ಉತ್ತರ ಕೊಡಲಿಲ್ಲ. ಎರಡನೇ ಸಲ ಆ ಹೆಸರನ್ನು ಅವನ ಎದುರು ಹೇಳುವುದಿಲ್ಲ ಅಂತ ಆಮೇಲೆ ನಮಗೆ ಹೇಳಿದ. ಸುತ್ತ ಜನ ಸೇರತೊಡಗಿದರು, ಎಲ್ಲ ಅವನ ಕಡೆಯವರೇ. "ಜಾಓ ಭಯ್ಯಾ, ಗಂಗಾ ಕಿನಾರೇ ಝಗಡಾ ಮತ್ ಕರೋ." ಗಂಗೆಯ ದಡದಲ್ಲಿ ಜಗಳ ಮಾಡಬಾರದು, ಮೋಸ ಮಾಡಬಹುದು!

ಡಾರ್ಮಿಟರಿಯಲ್ಲಿ ಹೇಳಿದರೆ ಪುಣೆಯ ಹುಡುಗರು ಇಬ್ಬರು ತಲೆ ಅಲ್ಲಾಡಿಸಿದರು. ಅವರಿಗೂ ಅದೇ ಮಹಡಿ, ಅದೇ ಬಿಳಿ ಸೀರೆ. ಅವರ ದರ 700.

ಸಾರನಾಥದ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ರಾಷ್ಟ್ರ ಲಾಂಛನದ ಸಿಂಹಗಳಿರುವ ಮ್ಯೂಸಿಯಂಗೆ ಶುಕ್ರವಾರ ರಜೆ. ಆಟೋದವನಿಗೆ ಅದು ಗೊತ್ತಿತ್ತು, ಹೇಳಲಿಲ್ಲ. ಬಾಗಿಲು ಹಾಕಿರುವುದನ್ನು ನೋಡಿ ನಿಂತಾಗ, "ಟೈಮ್ ಇದೆಯಲ್ಲ, ನೇಕಾರರ ಮನೆ ತೋರಿಸುತ್ತೇನೆ" ಅಂತ ಸೀರೆ ಅಂಗಡಿ ಮುಂದೆ ಇಳಿಸಿದ. ಕೊಳ್ಳದೆ ಹೊರಬಂದಿದ್ದಕ್ಕೆ ದಾರಿಯುದ್ದಕ್ಕೂ ಗೊಣಗಿದ. ಧಮೇಕ್ ಸ್ತೂಪದ ಹತ್ತಿರ ಹುಲ್ಲಿನ ಮೇಲೆ ಕೂತಿದ್ದಷ್ಟೇ ಆ ದಿನದ ಸಮಾಧಾನ.

ಗಯಾದಲ್ಲಿ ಗೆಳೆಯ ಅಜ್ಜಿಗೆ ವಿಷ್ಣುಪಾದದಲ್ಲಿ ಪಿಂಡ ಇಟ್ಟ. ಅಲ್ಲಿ ಪಿಂಡ ಹಾಕಿಸುವವರ ಕಡೆಯವರು ಸ್ಟೇಷನ್‌ನಿಂದಲೇ ಹಿಂಬಾಲಿಸುತ್ತಾರೆ. ನಾವು ಸಾಮಾನು, ದಕ್ಷಿಣೆ ಎಲ್ಲ ಸೇರಿ ಎಷ್ಟು ಅಂತ ಮೊದಲೇ ಹೇಳಿಸಿ, ಕಾಗದದ ಮೇಲೆ ಬರೆಸಿಕೊಂಡು ಕೂತೆವು. ಹಾಗಿದ್ದೂ ಕೈಯಲ್ಲಿ ದರ್ಭೆ, ಎಳ್ಳು ನೀರು ಹಿಡಿದಿರುವಾಗ "ಗೋದಾನಕ್ಕೆ ಎಷ್ಟು ಸಂಕಲ್ಪ ಮಾಡುತ್ತೀರಿ?" ಅನ್ನುವ ಪ್ರಶ್ನೆ ಬಂತು. ಕಾಗದ ತೋರಿಸಿದೆವು. ಮುಂದಿನ ಮಂತ್ರ ಹೇಳಿದರು.

ಬೋಧ್‌ಗಯಾದಲ್ಲಿ ಇದೇ ಆಟದ ಬೇರೆ ವೇಷ. ಅಲ್ಲಿ ಸಾವಿನ ಬದಲು ಮಕ್ಕಳು. ಒಳ್ಳೇ ಇಂಗ್ಲಿಷ್ ಮಾತಾಡುವ ಹುಡುಗ ಜೊತೆಯಾಗುತ್ತಾನೆ. ಓದುತ್ತಿದ್ದೇನೆ, ನದಿ ಆಚೆ, ಬುದ್ಧನಿಗೆ ಪಾಯಸ ಕೊಟ್ಟ ಸುಜಾತಾಳ ಊರು ತೋರಿಸುತ್ತೇನೆ, ದುಡ್ಡು ಬೇಡ. ಮತ್ತೆ ಅದೇ ದುಡ್ಡು ಬೇಡ! ಸುಜಾತಾ ಸ್ತೂಪ ನಿಜವಾಗಿಯೂ ಅಲ್ಲಿದೆ, ನೋಡುವಂಥದ್ದೇ. ಆದರೆ ಅಲ್ಲಿಂದ ಒಂದು "ಶಾಲೆ"ಗೆ ಕರೆದುಕೊಂಡು ಹೋದ. ಒಂದು ಕೋಣೆ, ನೆಲದ ಮೇಲೆ ಹದಿನೈದು ಇಪ್ಪತ್ತು ಮಕ್ಕಳು, ನಾವು ಒಳಗೆ ಹೋದ ತಕ್ಷಣ ಎದ್ದು ಹಾಡು. ಹಾಡು ಮುಗಿಯುವ ಮೊದಲೇ ದೊಡ್ಡ ರಿಜಿಸ್ಟರ್ ಬಂತು. ಥಾಯ್ಲೆಂಡ್ 5,000, ಕೊರಿಯಾ 10,000, ಜಪಾನ್ 8,000. ಹಾಳೆ ತಿರುವಿದೆ. ಎಲ್ಲ ದೇಶದವರದೂ ಒಂದೇ ಕೈಬರಹ, ಒಂದೇ ನೀಲಿ ಪೆನ್ನು. ನೋಟ್‌ಬುಕ್, ಪೆನ್ಸಿಲ್ ನಾವೇ ತಂದು ಮಕ್ಕಳ ಕೈಗೆ ಕೊಡುತ್ತೇವೆ ಅಂದೆವು. "ಅದೆಲ್ಲ ಇದೆ. ಅಕ್ಕಿ ಮೂಟೆ ಕೊಡಿಸಿ, ಅಂಗಡಿ ನಾನು ತೋರಿಸುತ್ತೇನೆ." ನಾವು ಎದ್ದು ಬಂದೆವು. ಹುಡುಗ ಹಿಂದಿನಿಂದ "ಬುದ್ಧನ ಊರಿಗೆ ಬಂದು ದಯೆ ಇಲ್ಲ" ಅಂತ ಕೂಗಿದ. ಆ ಮಕ್ಕಳ ಮುಖ ನೆನೆಸಿಕೊಂಡರೆ ನನಗೆ ಈಗಲೂ ಸಂಕಟ ಆಗುತ್ತೆ. ಅವರನ್ನು ಹಾಗೆ ಕೂರಿಸಿ ಹಾಡಿಸುವವರ ಮೇಲೆ ಸಿಟ್ಟೂ ಬರುತ್ತೆ. ಮಹಾಬೋಧಿ ದೇವಾಲಯದ ಒಳಗೆ ಮಾತ್ರ ಯಾರೂ ನಮ್ಮ ಹತ್ತಿರ ಒಂದು ರೂಪಾಯಿ ಕೇಳಲಿಲ್ಲ. ಪ್ರವೇಶಕ್ಕೆ ದುಡ್ಡಿಲ್ಲ. ಫೋನ್ ಒಳಗೆ ಬಿಡುವುದಿಲ್ಲ, ಹೊರಗಿನ ಕೌಂಟರಿನಲ್ಲಿ ಇಡಬೇಕು, ಅಷ್ಟೇ.

ಹೋಗುವವರಿಗೆ ಹೇಳುವುದು ಇಷ್ಟು. ಮಣಿಕರ್ಣಿಕಾ, ಹರಿಶ್ಚಂದ್ರ ಘಾಟ್‌ಗಳನ್ನು ದೋಣಿಯಿಂದ ನೋಡಿ. ಯಾರ ಹಿಂದೆಯೂ ಮಹಡಿ ಹತ್ತಬೇಡಿ. ತೀರಿಕೊಂಡವರ ಬಗ್ಗೆ ಅಪರಿಚಿತ ಕೇಳಿದರೆ ಯಾರೂ ಇಲ್ಲ ಅನ್ನಿ. ಬಡವರ ಚಿತೆಗೆ ಸೌದೆ ಕೊಡಿಸುವ ಮನಸ್ಸಿದ್ದರೆ ಅಂಗಡಿಗೆ ನೀವೇ ಹೋಗಿ, ತಕ್ಕಡಿ ಎದುರು ನಿಂತು, ಸುಡಲು ಬಂದ ಮನೆಯವರ ಕೈಗೇ ಕೊಡಿ. ವಿಶ್ವನಾಥನ ಸಾಮಾನ್ಯ ದರ್ಶನಕ್ಕೆ ದುಡ್ಡಿಲ್ಲ, ಬೇಗ ದರ್ಶನದ ಟಿಕೆಟ್ ದೇವಸ್ಥಾನದ ಕೌಂಟರ್ ಮತ್ತು ವೆಬ್‌ಸೈಟ್‌ನಲ್ಲೇ ಸಿಗುತ್ತೆ. ಗಲ್ಲಿಯಲ್ಲಿ ವಿಐಪಿ ಪಾಸ್ ಮಾರುವವನ ಜೊತೆ ಮಾತೇ ಬೇಡ. ಯಾರಾದರೂ ಅಡ್ಡಗಟ್ಟಿದರೆ ಫೋನ್ ತೆಗೆದು, ಅವರಿಗೆ ಕೇಳುವ ಹಾಗೆ ಜೋರಾಗಿ ಹೇಳಿಕೊಂಡೇ, ತುರ್ತು ಸಹಾಯದ 112 ಒತ್ತಿ. ಆ ಮಹಡಿಯ ಮೇಲೆ ನಮಗೆ ಅದು ಹೊಳೆಯುವಷ್ಟು ಹೊತ್ತನ್ನೇ ಅವರು ಕೊಡಲಿಲ್ಲ.

ಕಾರ್ತಿಕ ಹುಣ್ಣಿಮೆಗೆ ದೇವ್ ದೀಪಾವಳಿ ಅಂತ ಘಾಟ್‌ಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಷ್ಟು ಹೊತ್ತಿಗೆ ನಮ್ಮ ಕಡೆಯಿಂದ ಎಷ್ಟೋ ಹಿರಿಯರು ಹೊರಟಿರುತ್ತಾರೆ. ನಾವು ಹರೆಯದವರು, ನಾಲ್ಕು ಜನ, ಹಿಂದಿ ಬರುತ್ತಿತ್ತು, ನಮ್ಮನ್ನೇ ಹೀಗೆ ಮಾಡಿದರು. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು, ಬೂದಿ ಬಿಡುವುದಕ್ಕೆ ಅಂತಲೇ ಬಂದವರನ್ನು ಆ ಮಹಡಿಗೆ ಹತ್ತಿಸಿದರೆ ಎಷ್ಟು ಕೀಳುತ್ತಾರೋ ಯೋಚಿಸಿ. ನಿಮ್ಮ ಅಪ್ಪ ಅಮ್ಮ, ಅತ್ತೆ ಮಾವ ಹೊರಟಿದ್ದರೆ ಇದನ್ನು ಕೂರಿಸಿಕೊಂಡು ಓದಿ ಹೇಳಿ. ಕನ್ನಡದಲ್ಲಿ "ಚೆನ್ನಾಗಿದ್ದೀರಾ" ಅನ್ನುವವನ ವಿಷಯವನ್ನು ಮರೆಯದೆ ಹೇಳಿ.